ಮನೆಯವರು ಬೇಡವೆಂದ ಸಂದರ್ಭ ಹೊರತು

ನಮ್ಮ ರಾಜ್ಯದ ಸಂವಿಧಾನವನ್ನು ತಿದ್ದುವ ಮಾತು ಎದ್ದಾಗ ನನಗೆ ಮೊದಲು ನಗು ಬಂದಿತ್ತು. ಅಡಿಲೇಡಿನಲ್ಲಿ ಇಷ್ಟು ವರ್ಷ ಬಾಳಿದ್ದರೂ, ದೇಶಕ್ಕೊಂದು ಇರುವಾಗ ರಾಜ್ಯಕ್ಕೂ ಬೇರೆ ಸಂವಿಧಾನವಿದೆ ಎಂಬುದೇ ನಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿರಲಿಲ್ಲ. ಅದರಲ್ಲಿ ಜನರ ಹಕ್ಕುಗಳಿಗೆಂದೇ ಒಂದು ಅಧ್ಯಾಯ ಸೇರಿಸಬೇಕೆ, ಸೇರಿಸಿದರೆ ಏನೇನಿರಬೇಕು ಎಂದು ಸರ್ಕಾರದವರು ಎಲ್ಲ ಭಾಷೆಯವರನ್ನೂ ಕೇಳಿದ್ದರು. ಕನ್ನಡದವರ ಪರವಾಗಿ ಒಂದು ಅಭಿಪ್ರಾಯ ಬರೆದು ಕಳಿಸೋಣವೆಂದು ನಾವು ಹತ್ತು ಹನ್ನೆರಡು ಮಂದಿ ಒಂದು ಶನಿವಾರ ಸ್ಯಾಲಿಸ್‌ಬರಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಸೇರಿದೆವು.

ಬ್ರಿಸ್ಬೇನಿನಲ್ಲಿ ವಕೀಲಳಾಗಿರುವ ನನ್ನ ಮಗಳು ಹಿಂದಿನ ದಿನ ಫೋನಿನಲ್ಲಿ ಪಾಠ ಮಾಡಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. ಅವರ ಕಡೆ ಹಕ್ಕುಗಳಿಗೆ ಒಂದು ಕಾಯಿದೆ ಇದೆಯಂತೆ. ಮುಂದೆ ಬರುವ ಸರ್ಕಾರ ಮನಸ್ಸು ಮಾಡಿದರೆ ಅದನ್ನು ಬದಲಾಯಿಸಬಹುದಂತೆ. ಸಂವಿಧಾನದೊಳಗೆ ಭದ್ರವಾಗಿ ಕೂರಿಸಿಬಿಟ್ಟರೆ ಕೈ ಹಾಕುವುದು ಕಷ್ಟ. ಹಾಗಾಗಿ ಒಂದೊಂದು ಪದವನ್ನೂ ನೋಡಿಕೊಂಡು ಬರೆಯಿರಿ ಎಂದಿದ್ದಳು.

ನಾನು ಹಟ ಹಿಡಿದದ್ದು ಒಂದೇ ಸಾಲಿಗೆ. ಯಾರಿಗೇ ಕಾಯಿಲೆಯಾಗಲಿ, ಅದೇನೆಂದು ಆಸ್ಪತ್ರೆಯವರು ಅವರಿಗೇ, ಅವರ ಭಾಷೆಯಲ್ಲೇ ತಿಳಿಸಬೇಕು. ಯಾಕೆ ಈ ಹಟ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತಮ್ಮನಿಗಂತೂ ಚೆನ್ನಾಗಿ ಗೊತ್ತಿತ್ತು.

ಅವನು ಮೊದಲು ಪರ್ತ್‌ನಲ್ಲಿದ್ದ. ಗಣಿ ಕಂಪನಿಯಲ್ಲಿ ಎಂಜಿನಿಯರ್, ಕ್ಯಾನಿಂಗ್ ವೇಲ್‌ನಲ್ಲಿ ಮನೆ. ಅಮ್ಮ ಅವನ ಜೊತೆಗಿದ್ದಳು. ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇವನೇ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಡಾಕ್ಟರ್ ಹೇಳಿದ್ದು ಕ್ಯಾನ್ಸರ್, ಹೆಚ್ಚು ದಿನವಿಲ್ಲ ಎಂದು. ಇವನು ಹೇಳಿದ್ದು, "ಗ್ಯಾಸ್ಟ್ರಿಕ್ ಅಂತೆ ಅಮ್ಮ." ಇಲ್ಲಿ ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿದ್ದ ನನಗೂ ಅದನ್ನೇ ಹೇಳಿದ. ನಿಜ ತಿಳಿದರೆ ನಾನು ಫೋನಿನಲ್ಲಿ ಅತ್ತುಬಿಡುತ್ತೇನೆ, ಅಮ್ಮನಿಗೆ ಗೊತ್ತಾಗಿಬಿಡುತ್ತದೆ ಎಂಬುದು ಅವನ ಯೋಚನೆ. ನಾನು ಪರ್ತ್ ಮುಟ್ಟುವ ಹೊತ್ತಿಗೆ ಅಮ್ಮ ಇರಲಿಲ್ಲ.

ಅದಕ್ಕೂ ಮುಂಚೆ ಒಂದು ಸಲ ಫೋನಿನಲ್ಲಿ ಕೇಳಿದ್ದಳು. "ಡಾಕ್ಟ್ರು ಅಷ್ಟುದ್ದ ಮಾತಾಡ್ತಾರೆ, ಇವನು ಎರಡೇ ಮಾತಲ್ಲಿ ಮುಗಿಸ್ತಾನೆ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತೇ?" ನಾನು ನಕ್ಕಿದ್ದೆ. ಆ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿರುವಾಗ ಕಿವಿಯ ಹತ್ತಿರವೇ ಕೇಳಿಸುತ್ತದೆ, ತಿರುಗಿ ನೋಡುತ್ತೇನೆ. ಒಗ್ಗರಣೆ ಹಾಕುವಾಗ ಹಿಂದೆ ಯಾರೋ ಬಂದು ನಿಂತ ಹಾಗಾಗುತ್ತದೆ. ಹೆದರಿಕೆಯಲ್ಲ, ಹೆತ್ತ ತಾಯಿಗೆ ಹೆದರುವುದೆಂಥದ್ದು! ಅವಳು ಕೇಳುತ್ತಲೇ ಇದ್ದಾಳೆ, ನನಗೆ ಹೇಳಲಾಗುತ್ತಿಲ್ಲ, ಅದೊಂದೇ ಸಂಕಟ. ತಮ್ಮನಿಗೂ ಆ ಮನೆಯಲ್ಲಿ ಇರಲಾಗಲಿಲ್ಲ. ಮಾರಿ, ಇಲ್ಲಿ ಕೆಲಸ ಹುಡುಕಿಕೊಂಡು ಬಂದ. ಹಬ್ಬ ಹರಿದಿನಕ್ಕೆ ಸೇರುತ್ತೇವೆ, ಊಟ ಮಾಡುತ್ತೇವೆ, ಅಮ್ಮನ ಸಾವಿನ ಮಾತು ಮಾತ್ರ ಎತ್ತುವುದಿಲ್ಲ. ಎತ್ತಿದರೆ ನಾನು ಕೂಗಾಡಿಬಿಡುತ್ತೇನೆಂದು ಇಬ್ಬರಿಗೂ ಗೊತ್ತು.

ಆ ಶನಿವಾರ ಮೇಲ್ಮನೆ, ಗವರ್ನರ್ ಅಧಿಕಾರ ಇವೆಲ್ಲ ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮುಗಿದವು. ನನ್ನ ಸಾಲು ಬಂದಾಗ, ಬೆಂಗಳೂರಿನಲ್ಲಿ ಸರ್ಕಾರಿ ಕೆಲಸದಿಂದ ರಿಟೈರ್ ಆಗಿ ಮಗನ ಮನೆಗೆ ಬಂದಿದ್ದ ಅಂಕಲ್ ಒಬ್ಬರು ಗಂಟಲು ಸರಿಮಾಡಿಕೊಂಡರು.

"ಸಾಲೇನೋ ಚೆನ್ನಾಗಿದೆ ಕಣಮ್ಮ. ಕೊನೇಲಿ 'ಮನೆಯವರು ಬೇಡವೆಂದ ಸಂದರ್ಭ ಹೊರತು' ಅಂತ ಸೇರಿಸ್ಬಿಡಿ, ಅಷ್ಟೇ."

"ಅಷ್ಟೇನಾ? ಅದು ಸೇರಿದ್ಮೇಲೆ ಸಾಲಲ್ಲಿ ಇನ್ನೇನು ಉಳೀತು ಅಂಕಲ್?"

"ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ವಯಸ್ಸಾದೋರು ಅವತ್ತೇ ಕುಸಿದು ಹೋಗ್ತಾರಮ್ಮ. ನಾವು ಮುಚ್ಚಿಡೋದು ಪ್ರೀತಿಯಿಂದ ತಾನೇ?"

ಎಲ್ಲರೂ ತಲೆಯಾಡಿಸಿದರು. ಆಡಿಸದೆ ಏನು ಮಾಡಿಯಾರು? ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಗ್ಯಾಸ್ಟ್ರಿಕ್, ಒಂದೊಂದು "ಏನಿಲ್ಲ, ಸ್ವಲ್ಪ ವೀಕ್‌ನೆಸ್ಸು" ಇದ್ದೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಯೋರೊಬ್ಬರನ್ನ ಬಿಟ್ಟು ಊರಿಗೆಲ್ಲ ಹೇಳೋ ಪ್ರೀತಿ! ಅದನ್ನ ಸಂವಿಧಾನದಲ್ಲಿ ಬೇರೆ ಬರೀಬೇಕಾ?" ಎಂದು ಕೂಗಿದೆ. ಕೂಗಿದ್ದು ಅಂಕಲ್ ಮೇಲಲ್ಲವೆಂದು ಅವರಿಗೂ ತಿಳಿಯಿತೇನೋ, ಪಾಪ, ತಮ್ಮನ ಕಡೆ ನೋಡಿದರು.

ಕೈ ಎತ್ತಿ ನೋಡೋಣ ಎಂದು ಯಾರೋ ಅಂದರು. ಆ ತುಂಡು ಬೇಕೆಂದು ನನ್ನನ್ನೂ ತಮ್ಮನನ್ನೂ ಬಿಟ್ಟು ಎಲ್ಲರೂ ಎತ್ತಿದರು. ಟೈಪ್ ಮಾಡಲು ಲ್ಯಾಪ್‌ಟಾಪ್ ಮುಂದೆ ಕೂತಿದ್ದವನು ತಮ್ಮ. ಅವನು ಟೈಪ್ ಮಾಡಲಿಲ್ಲ.

"ಇದನ್ನ ನಾನು ಸೇರಿಸಲ್ಲ ಅಂಕಲ್," ಎಂದ. ತಲೆ ಎತ್ತದೆಯೇ ಮಾತಾಡಿದ. "ಅಮ್ಮ ಕೊನೇಲಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು, ನಿಜ ಹೇಳಪ್ಪ, ನಾನು ಉಳಿಯಲ್ವಾ ಅಂತ. ನಾನು ನಕ್ಬಿಟ್ಟೆ. ಏನಮ್ಮಾ ನೀನು, ಗ್ಯಾಸ್ಟ್ರಿಕ್‌ಗೆ ಯಾರಾದ್ರೂ ಸಾಯ್ತಾರಾ ಅಂದೆ. ಕೈ ಬಿಟ್ಟು ಗೋಡೆ ಕಡೆ ತಿರುಗಿದ್ಲು. ಆಮೇಲೆ ಇದ್ದಷ್ಟು ದಿನ ನನ್ನ ಜೊತೆ ಒಂದು ಮಾತೂ ಆಡ್ಲಿಲ್ಲ. ಗಂಜಿ ಕೊಟ್ರೆ ಕುಡೀತಿದ್ಲು, ಮುಖ ನೋಡ್ತಿರ್ಲಿಲ್ಲ."

ಅಂಕಲ್ ಕೈ ಇಳಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಇಳಿಸಿದರು. ನನ್ನ ಸಾಲು ನಾನು ಬರೆದ ಹಾಗೆಯೇ ಉಳಿಯಿತು. ಗೆದ್ದೆ ಎಂದು ಅನ್ನಿಸಲೇ ಇಲ್ಲ. ಇಷ್ಟು ವರ್ಷ ಅವನ ಮೇಲೆ ಸಾಕಿಕೊಂಡು ಬಂದಿದ್ದ ಸಿಟ್ಟನ್ನು ಎಲ್ಲಿಡುವುದೋ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ನಾವಿಬ್ಬರೂ ಕುರ್ಚಿ ಮಡಚಿಡುತ್ತಿದ್ದೆವು. ಅವನು ಹೇಳಿದ ಆ ಕೊನೆಯ ದಿನಗಳಲ್ಲೇ, ಅವನು ಔಷಧಿ ತರಲು ಹೋಗಿದ್ದಾಗ, ಅಮ್ಮ ನನಗೆ ಫೋನ್ ಮಾಡಿದ್ದಳು. ದನಿ ಸಣ್ಣದಾಗಿತ್ತು, ಆದರೂ ನಗುನಗುತ್ತ ಮಾತಾಡಿದಳು. ಚಕ್ಕುಲಿ ಹಿಟ್ಟಿನ ಹದ ಹೇಳಿಕೊಟ್ಟಳು. "ಟಿಕೆಟ್ಟು ಗಿಕೆಟ್ಟು ಮಾಡಿಸ್ಬೇಡ ಕಣೇ, ಬರೀ ಗ್ಯಾಸ್ಟ್ರಿಕ್ಕು. ಮುಂದಿನ ತಿಂಗಳು ನಾನೇ ಬರ್ತೀನಿ," ಎಂದಳು. ಪಾಪ ಮುದುಕಿ, ಏನೂ ಗೊತ್ತಿಲ್ಲದೆ ಹಾಗೆಂದಳೆಂದೇ ನಾನು ನಂಬಿದ್ದೆ. ಅವಳಿಗೆ ಎಲ್ಲ ಗೊತ್ತಿತ್ತು. ಅವನ ಜೊತೆ ಮಾತು ಬಿಟ್ಟವಳು ಅವನ ಸುಳ್ಳನ್ನೇ ನನಗೆ ಹೇಳಿದ್ದಳು.

ತಮ್ಮ ಕೊನೆಯ ಕುರ್ಚಿ ಹಿಡಿದುಕೊಂಡು ನಿಂತಿದ್ದ.

"ಅಕ್ಕಾ, ಅಮ್ಮ ಮೈಯಲ್ಲಿ ಶಕ್ತಿ ಇಲ್ದೆ ಮಾತಾಡ್ಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳ್ಕೊಂಡಿದೀನಿ. ಆಗ ನಿನಗೇನಾದ್ರೂ ಫೋನ್ ಮಾಡಿದ್ಲಾ?"

ಅವನ ಮುಖ ನೋಡಿದೆ. ಕೆನ್ನೆಯೆಲ್ಲ ಇಳಿದುಹೋಗಿತ್ತು.

"ಇಲ್ಲ ಕಣೋ," ಎಂದೆ. "ಮಾತಾಡೋ ಶಕ್ತಿ ಎಲ್ಲಿತ್ತು ಅವಳಿಗೆ?"