ಒಗರು ಸೇಬಿನ ನೈವೇದ್ಯ

ಹಳೆಯ ಕಾಟನ್ ಸೀರೆಗೆ ಇನ್ನೂ ಏನೆಲ್ಲ ಉಪಯೋಗಗಳಿವೆ ಎಂಬುದು ನನಗೆ ತಿಳಿದದ್ದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೇಲೆ. ವಿಲೆಟನ್ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ, ಬಿಸಿಲು ಸರಿಯಾಗಿ ಬೀಳುವ ಒಂದೇ ಒಂದು ಮೂಲೆಯಲ್ಲಿ, ನನ್ನ ಸೇಬಿನ ಗಿಡ ಆ ಬೇಸಿಗೆ ಪೂರ್ತಿ ನೀಲಿ ಸೀರೆ ಸುತ್ತಿಕೊಂಡು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟಳಂತೆ ನಿಂತಿತ್ತು. ಗಿಣಿಗಳ ಕಾಟಕ್ಕೆ ನಾನು ಮಾಡಿದ ಏರ್ಪಾಡು ಅದು. ಆದರೂ ಒಂದು ಗಿಣಿ ಸಂದಿಯಲ್ಲಿ ನುಗ್ಗಿ, ಒಂದು ಹಣ್ಣನ್ನು ಕುಕ್ಕಿ ನೋಡಿ ಹಾರಿಹೋಯಿತು. ಆಮೇಲೆ ಯಾವ ಗಿಣಿಯೂ ಆ ಕಡೆ ತಲೆ ಹಾಕಲಿಲ್ಲ. ಸೀರೆಯ ಮಹಿಮೆ ಎಂದು ನಾನು ಬೀಗಿದೆ. ಗಿಣಿಶಾಸ್ತ್ರ ಕೇಳುವ ನಾಡಿನಿಂದ ಬಂದವಳಾಗಿಯೂ ಆ ಸೂಚನೆ ನನಗೆ ಹೊಳೆಯಲಿಲ್ಲ.

ಗಿಡದ ಚೀಟಿಯ ಮೇಲೆ ಸೈಡರ್‌ಗೆ ಹೆಸರಾದ ಹಳೆಯ ಇಂಗ್ಲಿಷ್ ತಳಿ ಎಂದು ಬರೆದಿತ್ತು. ಸೈಡರ್ ಎಂದರೆ ಹಣ್ಣಿನ ರಸವಿರಬೇಕೆಂದು ನನ್ನ ಸಾತ್ವಿಕ ಬುದ್ಧಿ ತೀರ್ಮಾನಿಸಿತು. ನಮ್ಮ ಯಜಮಾನರಿಗೆ ಆ ಮೂಲೆಯಲ್ಲಿ ನುಗ್ಗೆ ಬೇಕಿತ್ತು. ಹುಳಿಗೆ ಹಿತ್ತಲಿನ ನುಗ್ಗೆಕಾಯಿ ಸಿಗದ ಊರನ್ನು ಅವರು ಊರೆಂದೇ ಒಪ್ಪಿದವರಲ್ಲ. ಕೊನೆಗೆ ಒಪ್ಪಂದವಾಯಿತು: ಮೊದಲ ಫಸಲು ಬಾಯಿಗೆ ಹಿತವಾದರೆ ಸೇಬು ಉಳಿಯುವುದು, ಇಲ್ಲವಾದರೆ ಗರಗಸ. ಚಳಿ ಸಾಲದ ಊರಲ್ಲಿ ಸೇಬು ಹೂ ಬಿಡದೆಂದು ಕೇಳಿ, ಚಳಿಗಾಲದ ಬೆಳಗುಗಳಲ್ಲಿ ಫ್ರಿಜ್ಜಿನ ಐಸನ್ನು ಬುಡಕ್ಕೆ ಸುರಿದು, ಅದಕ್ಕೆ ಇಂಗ್ಲೆಂಡಿನ ಭ್ರಮೆ ಹುಟ್ಟಿಸಿ ಸಾಕಿದವಳು ನಾನು, ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಗಿಡವನ್ನು ವಲಸೆ ಬಂದವರಿಗೆ ಹೋಲಿಸುವ ಆಸೆ ನಿಮಗೆ ಆಗುತ್ತಿರಬಹುದು. ತಡೆದುಕೊಳ್ಳಿ, ನಾನೂ ತಡೆದುಕೊಂಡಿದ್ದೇನೆ.

ಹಣ್ಣು ಕೆಂಪಾದದ್ದು ರಾಮನವಮಿಗೆ ಸರಿಯಾಗಿ. ಮೊದಲ ಫಲ ದೇವರಿಗೆ. ನೈವೇದ್ಯವನ್ನು ಮುಂಚೆ ರುಚಿ ನೋಡುವಂತಿಲ್ಲ. ಹಾಗಾಗಿ ಹೆಚ್ಚಿ, ಪಾನಕ ಕೋಸಂಬರಿಗಳ ಪಕ್ಕದಲ್ಲಿಟ್ಟು, ಮಂಗಳಾರತಿಯಾದ ಮೇಲೆ ಬಂದವರ ಬಲಗೈಗೆ ಒಂದೊಂದು ಹೋಳು ಹಾಕಿ, ನಾನೂ ಒಂದನ್ನು ಬಾಯಿಗಿಟ್ಟೆ. ಎಳೆಯ ಬಾಳೆಕಾಯಿಯನ್ನು ಹಸಿಯಾಗಿ ಕಚ್ಚಿದಂತಾಗಿ ನಾಲಿಗೆ ಅಂಗುಳಿಗೆ ಅಂಟಿತು. ಎಲ್ಲರ ದವಡೆಗಳೂ ಭಕ್ತಿಯಿಂದ ಆಡುತ್ತಿದ್ದವು.

"ಅಮ್ಮಾ, ಇಟ್ಸ್ ಲೈಕ್ ಚೂಯಿಂಗ್ ಎ ಟೀ ಬ್ಯಾಗ್!" ಎಂದಳು ಮಗಳು.

"ಶ್! ಪ್ರಸಾದ ಕಣೇ, ನುಂಗು," ಎಂದು ಗದರಿದರು ಸದರ್ನ್ ರಿವರ್ ಬಡಾವಣೆಯಿಂದ ಬಂದಿದ್ದ ಸರೋಜಾ ಆಂಟಿ. ಆಮೇಲೆ ನನ್ನತ್ತ ತಿರುಗಿ, "ತುಂಬಾ ಡಿಫರೆಂಟಾಗಿದೆ ಕಣಮ್ಮಾ. ಮನೇಲೇ ಬೆಳ್ದಿದ್ದು ಅಲ್ವಾ? ಗೊತ್ತಾಗತ್ತೆ."

ಯಜಮಾನರು ಇನ್ನೂ ಅಗಿಯುತ್ತಿದ್ದರು. ತೀರ್ಪು ಅವರ ಬಾಯಲ್ಲೇ ಇತ್ತು; ಆದರೆ ಪ್ರಸಾದವನ್ನು ಕೆಟ್ಟದೆನ್ನಲು ಆ ನಾಲಿಗೆ ಹೊರಳದು.

ಯೋಚಿಸಿದರೆ, ಬದುಕಿನಲ್ಲಿ ನಾವು ನುಂಗಿದ್ದರಲ್ಲಿ ರುಚಿಯಿಂದ ಒಳಗಿಳಿದದ್ದೆಷ್ಟು, ಕೊಟ್ಟ ಕೈಯನ್ನು ನೋಡಿ ಇಳಿದದ್ದೆಷ್ಟು? ಹಿರಿಯರ ಬುದ್ಧಿಮಾತು, ನೆಂಟರು ತಂದ ಸಂಬಂಧ, ಆಫೀಸಿನವರು ನಗುನಗುತ್ತ ಹೊರಿಸಿದ ಹೆಚ್ಚಿನ ಜವಾಬ್ದಾರಿ, ಎಲ್ಲವನ್ನೂ ಅಂಗೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಒಗರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವು ಹೊಟ್ಟೆ ಸೇರಿದ್ದವು. ಅವುಗಳಲ್ಲಿ ಕೆಲವು ಜೀರ್ಣವೂ ಆದವೆಂಬುದೇ ಆಶ್ಚರ್ಯ.

ಮರುದಿನ, ಇಂಗ್ಲೆಂಡಿನಿಂದ ಎಂದೋ ಬಂದು ನೆಲೆಸಿದ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹಣ್ಣು ನೋಡಿ ನಕ್ಕ. ಇದು ತಿನ್ನುವ ಸೇಬಲ್ಲವಂತೆ; ಹಿಂಡಿ, ಹುಳಿ ಬರಿಸಿ, ತಿಂಗಳುಗಟ್ಟಲೆ ಇಟ್ಟರೆ ಸೈಡರ್ ಎಂಬ ಸೊಗಸಾದ ಮದ್ಯವಾಗುವುದಂತೆ. ಶ್ರೀರಾಮನಿಗೆ ನಾವು ಹೆಂಡದ ಸೇಬನ್ನು ಅರ್ಪಿಸಿದ್ದೆವು. ಈ ಸುದ್ದಿಯನ್ನು ಕೇಳಿ ಯಜಮಾನರು ದೇವರ ಗೂಡಿನ ಕಡೆ ಒಮ್ಮೆ ನೋಡಿದರು. ಗರಗಸಕ್ಕೆ ಈಗ ಎರಡು ಕಾರಣ ಸಿಕ್ಕಿತೆಂದು ನಾನು ಎಣಿಸಿದೆ.

ಚಳಿಗಾಲದ ಒಂದು ಭಾನುವಾರ ಅವರು ಒಂದು ಕೈಯಲ್ಲಿ ನುಗ್ಗೆಸಸಿ, ಇನ್ನೊಂದರಲ್ಲಿ ಗರಗಸ ಹಿಡಿದು ಮೂಲೆಗೆ ನಡೆದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತೆ. ಅವರು ಗಿಡವನ್ನು ಒಂದು ಸುತ್ತು ಬಂದರು. ಪ್ರದಕ್ಷಿಣೆ ಎಂದು ನಾನು ಹೇಳುವುದಿಲ್ಲ. ಬಂದವರು ಸಸಿಯನ್ನು ಗೋಡೆಪಕ್ಕದ ನೆರಳಲ್ಲಿ ನೆಟ್ಟು ಒಳಗೆ ಬಂದರು.

"ದೇವ್ರಿಗೆ ಕೊಟ್ಟ ಗಿಡ ಕಣೇ. ಹ್ಯಾಗೆ ಕಡೀಲಿ?"

ಮುಂದಿನ ರಾಮನವಮಿಗೆ ಗಿಡದ ತುಂಬ ಹಣ್ಣು. ಅವರೇ ಹುಡುಕಿ, ಎಲ್ಲಕ್ಕಿಂತ ಕೆಂಪಾದದ್ದನ್ನು ಕಿತ್ತು, ಒರೆಸಿ, ಬೆಳ್ಳಿ ತಟ್ಟೆಯಲ್ಲಿಟ್ಟರು. ಬಾಗಿಲಲ್ಲಿ ಬಂದವರು ಚಪ್ಪಲಿ ಬಿಡುವ ಸದ್ದಾಗುತ್ತಿದ್ದಂತೆ ನನ್ನ ಕಿವಿಯ ಬಳಿ ಬಗ್ಗಿದರು.

"ಇದು ದೇವ್ರಿಗೊಬ್ಬನಿಗೇ ಸಾಕು. ಜನಕ್ಕೆ ಬಾಳೆಹಣ್ಣು ಕೊಡು."