ಮೊದಲನೇ ಗೇರಿನ ಶಿವಬಸಪ್ಪನವರು

ರಾಜಾಜಿನಗರದ ಆ ಬೀದಿಯಲ್ಲಿ ನಿಂತು ಶಿವಬಸಪ್ಪನವರ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚನೆ ಮಾಡುತ್ತಿದ್ದರು. ಸ್ಕೂಟರ್ ಶಿವಬಸಪ್ಪನವರ ಮನೆ ಎಂದರೆ ಮಾತ್ರ ಸೌದೆ ಡಿಪೋದವನಿಂದ ಹಿಡಿದು ಹಾಲಿನ ಹನುಮಕ್ಕನವರೆಗೆ ಎಲ್ಲರೂ ಕೈ ಮಾಡಿ ತೋರಿಸುತ್ತಿದ್ದರು. ಆ ಮನೆಯಲ್ಲಿ ಸ್ಕೂಟರ್ ಇರಲಿಲ್ಲ. ಬುಕ್ ಮಾಡಿದ್ದರು, ಅಷ್ಟೇ. ಆದರೆ ಆ ಕಾಲದಲ್ಲಿ ಸ್ಕೂಟರ್ ಇದ್ದವರಿಗಿಂತ ಬುಕ್ ಮಾಡಿ ಕಾಯುತ್ತಿದ್ದವರಿಗೆ ಮರ್ಯಾದೆ ಒಂದು ತೂಕ ಹೆಚ್ಚೇ ಇತ್ತು. ಇದ್ದವರ ಸ್ಕೂಟರ್ ಪಂಕ್ಚರ್ ಆಗುತ್ತಿತ್ತು, ಮಳೆಯಲ್ಲಿ ನಿಂತುಹೋಗುತ್ತಿತ್ತು. ಶಿವಬಸಪ್ಪನವರದು ಏಳು ವರ್ಷದಲ್ಲಿ ಒಂದು ಸಲವೂ ಕೆಟ್ಟಿರಲಿಲ್ಲ.

ಅವರು ದಾವಣಗೆರೆ ಕಡೆಯವರು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಯಾವ ಕೆಲಸವನ್ನೂ ಮುಂಚಿತವಾಗಿ ಯೋಚಿಸದೆ ಮಾಡುವವರಲ್ಲ. ಮಗಳು ಪಂಕಜಾಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ ಸ್ಕೂಟರ್ ಬುಕ್ ಮಾಡಿದರು. ಅದರ ಮರುವಾರವೇ ಗಾರೆಯವನನ್ನು ಕರೆಸಿ ಮನೆಯ ಮೆಟ್ಟಿಲಿನ ಪಕ್ಕ ಸ್ಕೂಟರ್ ಹತ್ತಿಸಲು ಇಳಿಜಾರು ಕಟ್ಟೆ ಹಾಕಿಸಿದರು. ಸ್ಕೂಟರ್ ಬರುವವರೆಗೆ ಆ ಕಟ್ಟೆಯ ಮೇಲೆ ಹನುಮಕ್ಕನ ಕರು ಹತ್ತಿ ಬಂದು ಪಡಸಾಲೆಯಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಿತು.

ಭಾನುವಾರ ಸಂಜೆ ಪಡಸಾಲೆಯ ಬೆಂಚಿನ ಮೇಲೆ ಅಭ್ಯಾಸ ನಡೆಯುತ್ತಿತ್ತು. ಪಂಕಜಾ ಮುಂದೆ ನಿಲ್ಲಬೇಕು. ಶಿವಬಸಪ್ಪನವರು ನಡುವೆ ಕೂತು ಗಾಳಿಯಲ್ಲಿ ಹ್ಯಾಂಡಲ್ ಹಿಡಿಯುತ್ತಾರೆ. ಹೆಂಡತಿ ಜಯದೇವಿ ಹಿಂದೆ, ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಸುತ್ತಿಕೊಂಡು, ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂರಬೇಕು.

"ಜಯಾ, ಈಗ ಎಡಕ್ಕೆ ತಿರುಗ್ತಾ ಇದೀವಿ. ನೀನೂ ಸ್ವಲ್ಪ ವಾಲಬೇಕು."

"ಒಲೆ ಮೇಲೆ ಹಾಲಿದೆ ರೀ."

"ಸ್ಕೂಟರ್ ಮೇಲೆ ಕೂತಾಗ ಹಾಲಿನ ವಿಚಾರ ತೆಗೀಬಾರ್ದು. ಬ್ಯಾಲೆನ್ಸ್ ತಪ್ಪುತ್ತೆ."

ಏಳು ವರ್ಷ ಕಾಯುತ್ತ ಕಾಯುತ್ತ ಶಿವಬಸಪ್ಪನವರು ಸ್ಕೂಟರಿನ ವಿಷಯದಲ್ಲಿ ದೊಡ್ಡ ಪಂಡಿತರಾದರು. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು, ಚಳಿಗಾಲದ ಬೆಳಿಗ್ಗೆ ಗಾಡಿಯನ್ನು ಯಾವ ಕಡೆಗೆ ವಾಲಿಸಿ ಒದೆಯಬೇಕು, ಎಲ್ಲ ಗೊತ್ತು. ಕಚೇರಿಯ ವೆಂಕಟಗಿರಿ ಎಂಬ ಯುವಕ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತೆಗೆದುಕೊಂಡಾಗ ಅವನಿಗೆ ಪಾಠ ಹೇಳಿದವರು ಇವರೇ.

"ಕ್ಲಚ್ ಬಿಡೋದು ಅಂದ್ರೆ ಹೇಗೆ ಗೊತ್ತೇನಯ್ಯಾ? ನಿದ್ದೆ ಮಾಡ್ತಿರೋ ಮಗುವಿನ ತಲೆ ಕೆಳಗಿಂದ ಕೈ ತೆಗೀತೀವಲ್ಲ, ಹಾಗೆ."

ವೆಂಕಟಗಿರಿಗೆ ಇನ್ನೂ ಮದುವೆಯಾಗಿರಲಿಲ್ಲ. ಆದರೂ ಆ ಮಾತು ಅವನಿಗೆ ಅರ್ಥವಾಗಿ ಒಂದೇ ವಾರದಲ್ಲಿ ಓಡಿಸುವುದನ್ನು ಕಲಿತ. ಕಚೇರಿಯಲ್ಲಿ ಇನ್ನೂ ಇಬ್ಬರು ಹೀಗೇ ಕಲಿತರು. ಶಿವಬಸಪ್ಪನವರಿಗೆ ಮಾತ್ರ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಇಷ್ಟೆಲ್ಲ ಹೇಳಿಕೊಡುವವರನ್ನು ನಿಮಗೆ ಬರುತ್ತದೆಯೇ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಎಮರ್ಜೆನ್ಸಿ ಬಂದಿತು, ಹೋಯಿತು. ಪಂಕಜಾ ಎಂಟನೇ ಕ್ಲಾಸಿಗೆ ಬಂದಳು. ಆಗ ಸ್ಕೂಟರ್ ಬಂದಿತು. ಷೋರೂಮಿನ ಹುಡುಗ ಅದನ್ನು ಮನೆಯವರೆಗೆ ಓಡಿಸಿಕೊಂಡು ಬಂದು, ಇಳಿಜಾರು ಕಟ್ಟೆ ಹತ್ತಿಸಿ, ನಿಂಬೆಹಣ್ಣು ತೆಗೆದುಕೊಂಡು ಹೋದ. ಹೆಡ್‌ಲೈಟಿನ ಮೇಲೆ ಮೂರು ಪಟ್ಟೆ ವಿಭೂತಿ ಬಿತ್ತು. ಪಂಕಜಾ ಆಸೆಯಿಂದ ಮುಂದೆ ನಿಂತು ನೋಡಿದಳು. ಅವಳ ತಲೆ ಅಪ್ಪನ ಕಣ್ಣಿಗೆ ಅಡ್ಡ ಬಂದಿತು. ಅವಳಿಗಾಗಿ ಕಾದಿಟ್ಟ ಜಾಗ ಅವಳು ಬೆಳೆದದ್ದರಿಂದ ಹೋಯಿತು. ಅವಳು ಒಳಗೆ ಹೋಗಿ ಪುಸ್ತಕ ಹಿಡಿದಳು.

ಮಾರನೆಯ ಬೆಳಿಗ್ಗೆ ಶಿವಬಸಪ್ಪನವರಿಗೆ ನಿಜವಾದ ಕಷ್ಟ ಶುರುವಾಯಿತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಶಿವಬಸಪ್ಪನವರು ಮಂಕಿ ಕ್ಯಾಪ್ ಹಾಕಿಕೊಂಡು, ಸ್ಕೂಟರನ್ನು ಕೆಳಗಿಳಿಸಿ, ಎರಡೂ ಕೈಯಲ್ಲಿ ಹಿಡಿದು ತಳ್ಳತೊಡಗಿದರು.

"ಸ್ಟಾರ್ಟ್ ಮಾಡಲ್ವಾ ಸಾರ್?" ಎಂದು ಯಾರೋ ಕೇಳಿದರು.

"ಹೊಸ ಇಂಜಿನ್ನು. ಸ್ವಲ್ಪ ದಿನ ಪಳಗಬೇಕು. ಕಲ್ಲು ಬೀದೀಲಿ ಓಡಿಸಿದ್ರೆ ಪಿಸ್ಟನ್ನಿಗೆ ಏಟು."

ಜನ ತಲೆದೂಗಿದರು. ಶಿವಬಸಪ್ಪನವರು ತಿರುವಿನಾಚೆಗೆ ತಳ್ಳಿಕೊಂಡು ಹೋಗಿ, ಕೆಂಪಯ್ಯನ ಹಿಟ್ಟಿನ ಗಿರಣಿಯೊಳಗೆ ರಾಗಿ ಮೂಟೆಗಳ ಹಿಂದೆ ಸ್ಕೂಟರ್ ನಿಲ್ಲಿಸಿ, ಬಸ್ ಹಿಡಿದು ಕಚೇರಿಗೆ ಹೋದರು. ಸಂಜೆ ಅದೇ ರೀತಿ ತಳ್ಳಿಕೊಂಡು ಬಂದರು. ಹೀಗೇ ದಿನವೂ ನಡೆಯಿತು. ಕೆಂಪಯ್ಯ ಹೇರೋಹಳ್ಳಿಯ ಕಡೆಯ ರೈತರ ಮನೆಯವನು. ಗಿರಣಿಯ ಜೊತೆಗೆ ಒಂದು ಟೆಂಪೋ ಇಟ್ಟಿದ್ದ. ಅವನೊಬ್ಬನಿಗೆ ಗುಟ್ಟು ಗೊತ್ತಿತ್ತು.

"ಗಾಡಿ ವಾಕಿಂಗ್ ಮುಗೀತಾ ಸಾರ್?" ಎಂದು ದಿನವೂ ಕೇಳುತ್ತಿದ್ದ.

"ನೋಡು ಕೆಂಪಯ್ಯ, ಯಾರಿಗೂ ಹೇಳಬೇಡ."

"ನಾನ್ಯಾಕೆ ಹೇಳ್ಲಿ? ಆದ್ರೆ ಯಾರನ್ನಾದ್ರೂ ಕೇಳಿ ಕಲೀಬಾರ್ದಾ? ನಿಮ್ ಆಫೀಸಿನ ವೆಂಕಟಗಿರಿ ಇದಾನಲ್ಲ."

"ಅವನಿಗೆ ಕಲಿಸಿದ್ದೇ ನಾನು."

ಕೆಂಪಯ್ಯ ಗಿರಣಿಯ ಬೆಲ್ಟ್ ಎಳೆದ.

ಜಯದೇವಿಗೆ ಒಂದೇ ಒಂದು ಆಸೆ ಇತ್ತು. ಕೆಂಗೇರಿಯಲ್ಲಿರುವ ಅಕ್ಕ ಜಗದಾಂಬಾಳ ಮನೆ ಬಾಗಿಲಲ್ಲಿ ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿಯಬೇಕು. ಜಗದಾಂಬಾಳ ಗಂಡ ಚನ್ನವೀರಪ್ಪ ಕಂಟ್ರಾಕ್ಟರ್, ಅವರ ಹತ್ತಿರ ಹಳೆಯದೊಂದು ಪುಟ್ಟ ಕಾರು ಇತ್ತು. ಅದರಲ್ಲಿ ಬಂದಾಗಲೆಲ್ಲ ಅಕ್ಕ ಕೇಳುತ್ತಿದ್ದಳು: "ಏನೇ ಜಯಾ, ನಿಮ್ ಸ್ಕೂಟರ್ ಇನ್ನೂ ಹೊರಟಿಲ್ವಾ? ಪಾಪ, ಅದಕ್ಕೂ ಬಸ್ ಸಿಗ್ತಿಲ್ವೇನೋ." ಏಳು ವರ್ಷ ಈ ಮಾತನ್ನು ಕೇಳಿ ನಕ್ಕು ಕಾಫಿ ಕೊಟ್ಟವಳು ಜಯದೇವಿ. ಸ್ಕೂಟರ್ ಬಂದ ಮೇಲೂ ಅವಳಿಗೆ ಕೂರಲು ಸಿಗಲಿಲ್ಲ. ಇಂಜಿನ್ ಪಳಗುವ ತನಕ ಹಿಂದೆ ಭಾರ ಹಾಕಬಾರದು ಎಂದು ಗಂಡ ಹೇಳಿಬಿಟ್ಟಿದ್ದರು. ಅವಳು ದಿನವೂ ಬೆಳಿಗ್ಗೆ ಹಳೆಯ ಪಂಚೆ ಬಟ್ಟೆಯಿಂದ ಸ್ಕೂಟರ್ ಒರೆಸಿ ಸುಮ್ಮನಾಗುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶ ಗೊತ್ತಾಯಿತು. ಕರೆಯಲು ಬಂದ ಜಗದಾಂಬಾ, "ಸ್ಕೂಟರಲ್ಲೇ ಬರ್ತೀರಲ್ವಾ? ಇಲ್ಲಾ ಅಂದ್ರೆ ಹೇಳು, ಕಾರ್ ಕಳಿಸ್ತೀನಿ," ಎಂದಳು.

"ಸ್ಕೂಟರಲ್ಲೇ ಬರ್ತೀವಿ," ಎಂದಳು ಜಯದೇವಿ.

ಶಿವಬಸಪ್ಪನವರು ಊಟ ಬಿಟ್ಟು ಯೋಚಿಸಿದರು. ಓಡಿಸಲು ಬರುವುದಿಲ್ಲ ಎಂದರೆ ಹೆಂಡತಿಯ ಮುಖ ಅಕ್ಕನೆದುರು ಬಾಡುತ್ತದೆ. ಅದು ಅಲ್ಲಿಂದ ಬೀದಿಗೆ ಬಂದು, ಬೀದಿಯಿಂದ ಕಚೇರಿಗೆ ಹೋದರೆ ಏಳು ವರ್ಷದ ಹೆಸರು ಮಣ್ಣಾಗುತ್ತದೆ. ಕೊನೆಗೆ ಒಂದು ಉಪಾಯ ಹೊಳೆಯಿತು.

"ನೋಡು ಜಯಾ, ಮೈಸೂರು ರಸ್ತೆಯಲ್ಲಿ ಲಾರಿಗಳ ಕಾಟ. ಪಳಗದ ಗಾಡಿ ಅಷ್ಟು ದೂರ ಓಡಿಸೋದು ತಪ್ಪು. ಕೆಂಪಯ್ಯನ ಟೆಂಪೋದಲ್ಲಿ ಹಾಕ್ಕೊಂಡು ಹೋಗಿ, ಊರ ಹತ್ರ ಇಳಿಸ್ಕೊಳ್ಳೋಣ."

ಜಯದೇವಿ ಅವರ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು ರೀ," ಎಂದಳು. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಶಿವಬಸಪ್ಪನವರು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದರು.

ಹಾಗಾಗಿ ಗೃಹಪ್ರವೇಶದ ದಿನ ಸ್ಕೂಟರ್ ತೌಡಿನ ಮೂಟೆಗಳ ನಡುವೆ ಹಗ್ಗ ಬಿಗಿಸಿಕೊಂಡು ಕೆಂಗೇರಿಗೆ ಪ್ರಯಾಣ ಮಾಡಿತು. ಹೊಸ ಮನೆಗೆ ಹೋಗುವ ರಸ್ತೆ ಒಂದು ದಿಬ್ಬದಿಂದ ಕೆಳಗಿಳಿಯುತ್ತಿತ್ತು. ದಿಬ್ಬದ ಮೇಲೆ, ಹುಣಸೆಮರದ ಮರೆಯಲ್ಲಿ, ಕೆಂಪಯ್ಯ ಸ್ಕೂಟರ್ ಇಳಿಸಿದ. ಪಂಕಜಾ ನಡೆದು ಮುಂದೆ ಹೋದಳು. ಜಯದೇವಿ ರೇಷ್ಮೆ ಸೀರೆಯ ಸೆರಗು ಸುತ್ತಿಕೊಂಡು, ಬೆಂಚಿನ ಮೇಲೆ ಕಲಿತಂತೆಯೇ ಕೂತಳು. ಕೆಂಪಯ್ಯ ಹಿಂದಿನಿಂದ ಒಂದು ನೂಕು ಕೊಟ್ಟ. ಇಂಜಿನ್ ಆರಿದ್ದ ಸ್ಕೂಟರ್ ಇಳಿಜಾರಿನಲ್ಲಿ ಸರ್ರನೆ ಹೋಗಿ ಚಪ್ಪರದ ಮುಂದೆ ನಿಂತಿತು. ಸೈಕಲ್ ಬರುವವರಿಗೆ ಅಷ್ಟು ಕಷ್ಟವಲ್ಲ.

ನೆಂಟರೆಲ್ಲ ಹೊರಗೆ ಬಂದರು. ಜಯದೇವಿ ನಿಧಾನವಾಗಿ ಇಳಿದಳು. ನೆರಿಗೆ ಸರಿಮಾಡಿಕೊಳ್ಳುವುದಕ್ಕೇ ಸಾಕಷ್ಟು ಹೊತ್ತು ತೆಗೆದುಕೊಂಡಳು.

"ಸದ್ದೇ ಇಲ್ವಲ್ಲೇ," ಎಂದಳು ಜಗದಾಂಬಾ.

"ಹೊಸಾದಲ್ವಾ ಅಕ್ಕ. ಸದ್ದು ಮಾಡೋದೆಲ್ಲ ಹಳೇವು."

ಚನ್ನವೀರಪ್ಪನವರ ಕಾರು ಮನೆ ಪಕ್ಕದಲ್ಲೇ ಇತ್ತು. ಆದರೆ ಅಂದು ಅದು ಸದ್ದು ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹೊಸ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲವಾದ್ದರಿಂದ ಮೈಕ್ ಸೆಟ್ಟಿನವನು ಕಾರಿನ ಬ್ಯಾಟರಿ ಬಿಚ್ಚಿಕೊಂಡು ಬೆಳಗಿನ ಜಾವದಿಂದ ವಚನ ಹಾಕುತ್ತಿದ್ದ. ಪ್ರಸಾದ ಮುಗಿಯುವ ಹೊತ್ತಿಗೆ ವಚನಗಳು ಎಳೆದಂತಾಗಿ, ಗೊಗ್ಗರು ದನಿಯಾಗಿ, ನಿಂತುಹೋದವು. ಬ್ಯಾಟರಿಯಲ್ಲಿ ಜೀವ ಉಳಿದಿರಲಿಲ್ಲ.

ತೊಂದರೆ ಬಂದದ್ದು ಅಲ್ಲೇ. ಪೂಜೆ ಮಾಡಿಸಿದ ಗಂಗಾಧರಯ್ಯನವರು ನಾಯಂಡಹಳ್ಳಿಯಲ್ಲಿ ಇನ್ನೊಬ್ಬರ ಮನೆಗೆ ಹೋಗಬೇಕಿತ್ತು. ಅಲ್ಲಿ ಜನ ಅವರಿಗಾಗಿ ಕಾಯುತ್ತಿದ್ದರು. ಕಾರಿನಲ್ಲಿ ಬಿಟ್ಟು ಬರುತ್ತೇನೆಂದು ಚನ್ನವೀರಪ್ಪ ಮಾತು ಕೊಟ್ಟಿದ್ದರು. ನಾಲ್ಕು ಜನ ಕಾರು ತಳ್ಳಿದರು. ಅದು ಹೋಗಿ ದಿಬ್ಬದ ಬುಡದಲ್ಲಿ ನಿಂತಿತು. ಕೆಂಪಯ್ಯನ ಟೆಂಪೋ ಆಗಲೇ ಬಿಡದಿ ಕಡೆಗೆ ಹೋಗಿತ್ತು. ಅಯ್ಯನವರನ್ನು ಬಸ್ಸಿಗೆ ಕಾಯಿಸುವುದು ಹೇಗೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಶಿವಬಸಪ್ಪನವರು ಮೆಲ್ಲಗೆ ಹಿತ್ತಲ ಕಡೆ ಹೊರಟರು.

"ಅದಕ್ಯಾಕೆ ಯೋಚನೆ?" ಎಂದಿತು ಜಯದೇವಿಯ ದನಿ. "ನಮ್ಮನೆಯವರು ಸ್ಕೂಟರಲ್ಲಿ ಬಿಟ್ಟು ಬರ್ತಾರೆ."

ಶಿವಬಸಪ್ಪನವರ ಕಾಲು ಅಲ್ಲೇ ನಿಂತಿತು. ಅವರು ಹೆಂಡತಿಯನ್ನು ಚಪ್ಪರದ ಕಂಬದ ಮರೆಗೆ ಕರೆದರು.

"ಏನೇ ಇದು? ಪಳಗದ ಗಾಡಿ ಅಂತ ಹೇಳಿಲ್ವಾ?"

"ದಿನಾ ಅದನ್ನ ಒರೆಸೋಳು ನಾನು ರೀ. ಮೀಟರೂ ಒರೆಸ್ತೀನಿ. ಷೋರೂಮಿನ ಹುಡುಗ ತಂದು ನಿಲ್ಲಿಸಿದಾಗ ಎಷ್ಟಿತ್ತೋ, ಒಂದು ತಿಂಗಳಾದ್ರೂ ಅದರ ಮೇಲೆ ಹತ್ತು ಕಿಲೋಮೀಟರೂ ಏರಿಲ್ಲ. ಒರೆಸಿದ ಬಟ್ಟೆ ತುಂಬಾ ರಾಗಿ ಹಿಟ್ಟು." ಅವಳು ದನಿ ತಗ್ಗಿಸಿದಳು. "ಊರಿಗೆಲ್ಲಾ ಕಲಿಸಿದೀರಿ. ಅವರಿಗೆ ಹೇಳಿದ್ದೇ ನೀವೂ ಮಾಡಿ. ಹೋಗಿ ಬನ್ನಿ."

ತಪ್ಪಿಸಿಕೊಳ್ಳಲು ಯಾವ ದಾರಿಯೂ ಉಳಿಯಲಿಲ್ಲ. ಗಂಗಾಧರಯ್ಯನವರು ಜೋಳಿಗೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದರು. ಅವರದು ತುಂಬಿದ ಮೈ. ಶಿವಬಸಪ್ಪನವರು ಪೆಟ್ರೋಲ್ ಗುಂಡಿ ತಿರುಗಿಸಿ, ಕಣ್ಣು ಮುಚ್ಚಿ ಒದ್ದರು. ಇಂಜಿನ್ ಹತ್ತಿತು. ಗೇರ್ ಹಾಕಿ ಕ್ಲಚ್ ಬಿಟ್ಟರು. ಸ್ಕೂಟರ್ ಕುಪ್ಪಳಿಸಿ ಆರಿತು.

"ಬಿಸಿ ಆಗಬೇಕು ಅಯ್ಯನವರೇ."

"ಆಗಲಿ ಆಗಲಿ. ನಿಧಾನ."

ಇನ್ನೊಮ್ಮೆಯೂ ಕುಪ್ಪಳಿಸಿತು. ಚನ್ನವೀರಪ್ಪನವರ ಮೀಸೆಯ ಕೆಳಗೆ ನಗು ಮೂಡುತ್ತಿತ್ತು. ಮೂರನೆಯ ಸಲ ಶಿವಬಸಪ್ಪನವರು ವೆಂಕಟಗಿರಿಗೆ ಹೇಳಿದ ಪಾಠವನ್ನು ನೆನೆದರು. ಏಳು ವರ್ಷದ ಹಿಂದೆ ಪಂಕಜಾ ಅವರ ಅಂಗೈ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದದ್ದು, ಅವಳಿಗೆ ಎಚ್ಚರವಾಗದಂತೆ ಕೈ ತೆಗೆಯುತ್ತಿದ್ದದ್ದು ಬೆರಳಿಗೆ ನೆನಪಾಯಿತು. ಹಾಗೇ ಕ್ಲಚ್ ಬಿಟ್ಟರು. ಸ್ಕೂಟರ್ ಗುರುಗುಟ್ಟುತ್ತ ಹೊರಟಿತು.

ಎರಡನೇ ಗೇರ್ ಹೇಗೆ ಹಾಕಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಓಡುತ್ತಿರುವುದನ್ನು ಕದಲಿಸಲು ಧೈರ್ಯ ಬರಲಿಲ್ಲ. ಕೆಂಗೇರಿಯಿಂದ ನಾಯಂಡಹಳ್ಳಿಯವರೆಗೆ ಮೊದಲನೇ ಗೇರಿನಲ್ಲೇ ಹೋದರು. ಇಂಜಿನ್ ಕಿರುಚುತ್ತಿತ್ತು, ಎತ್ತಿನ ಗಾಡಿಯವನು ಪಕ್ಕಕ್ಕೆ ಸರಿದು ಕನಿಕರದಿಂದ ನೋಡಿದ. ಹುಲ್ಲಿನ ಹೊರೆ ಹೊತ್ತ ಸೈಕಲ್ಲೊಂದು ಗಂಟೆ ಹೊಡೆದು ಮುಂದೆ ಹೋಯಿತು. ನಾಯಂಡಹಳ್ಳಿಯಲ್ಲಿ ಕ್ಲಚ್ ಮರೆತು ಬ್ರೇಕ್ ಒತ್ತಿದ್ದರಿಂದ ಸ್ಕೂಟರ್ ನಡುಗಿ, ಸರಿಯಾಗಿ ಆ ಮನೆಯ ಬಾಗಿಲೆದುರೇ ಆರಿತು.

ಗಂಗಾಧರಯ್ಯನವರು ಇಳಿದು ರುದ್ರಾಕ್ಷಿ ಸರಿಮಾಡಿಕೊಂಡರು. "ಇಷ್ಟು ಜೋಪಾನವಾಗಿ ನನ್ನನ್ನ ಯಾರೂ ಕರ್ಕೊಂಡು ಬಂದಿಲ್ಲಪ್ಪ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಆಶೀರ್ವಾದ ಮಾಡೋಕೂ ಪುರುಸೊತ್ತು ಸಿಕ್ತು."

ಈ ಮಾತು ಶಿವಬಸಪ್ಪನವರಿಗಿಂತ ಮುಂಚೆ ಕೆಂಗೇರಿ ತಲುಪಿದರೂ ಆಶ್ಚರ್ಯವಿರಲಿಲ್ಲ. ಅವರು ಅದೇ ಗೇರಿನಲ್ಲಿ ವಾಪಸ್ ಬರುವ ಹೊತ್ತಿಗೆ ನೆರಳು ಉದ್ದವಾಗಿತ್ತು. ಪಂಕಜಾ ದೊಡ್ಡಮ್ಮನ ಮನೆಯಲ್ಲಿ ಎರಡು ದಿನ ಉಳಿಯುತ್ತೇನೆಂದಳು. ಜಗದಾಂಬಾ ತಂಗಿಯ ಮಡಿಲಿಗೆ ಎಲೆ ಅಡಿಕೆ ಹಾಕಿ, "ನಮ್ ಕಾರು ಸರಿಹೋಗೋವರೆಗೂ ಸ್ವಲ್ಪ ಬಂದು ಹೋಗ್ತಾ ಇರ್ರೇ," ಎಂದಳು. ಏಳು ವರ್ಷದಲ್ಲಿ ಅಕ್ಕನ ಬಾಯಲ್ಲಿ ಇದಕ್ಕಿಂತ ಹಿತವಾದ ಮಾತನ್ನು ಜಯದೇವಿ ಕೇಳಿರಲಿಲ್ಲ.

ಇಬ್ಬರೂ ಹೊರಟರು. ದಿಬ್ಬ ಹತ್ತಿದ ಮೇಲೆ ಶಿವಬಸಪ್ಪನವರು ಎಡಗೈ ಬಿಗಿಹಿಡಿದು ಹೇಳಿದರು: "ಎರಡನೇ ಗೇರ್ ಹಾಕಿ ನೋಡ್ಲಾ ಜಯಾ? ಇಲ್ಲಾ ಅಂದ್ರೆ ಮನೆ ಸೇರೋದು ಕತ್ತಲೆ ಆಗುತ್ತೆ."

ಮೈಸೂರು ರಸ್ತೆಯ ಎರಡೂ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಜನ ಅವರನ್ನು ಬಹಳ ಹೊತ್ತು ನೋಡುತ್ತಿದ್ದರು, ಏಕೆಂದರೆ ಅವರು ಕಣ್ಣಿಂದ ಮರೆಯಾಗಲು ಬಹಳ ಹೊತ್ತು ಬೇಕಾಗಿತ್ತು. ಜಯದೇವಿ ಸೆರಗನ್ನು ಸರಿಯಾಗಿ ಸುತ್ತಿಕೊಂಡು, ತಿರುವಿನಲ್ಲಿ ಸ್ವಲ್ಪ ಎಡಕ್ಕೆ ವಾಲಿದಳು.

"ಬೇಡ ಬಿಡಿ," ಎಂದಳು. "ಒಲೆ ಮೇಲೆ ಹಾಲೇನೂ ಇಲ್ಲ."