ಹಿಡಿಯದ ಬ್ರೇಕು, ಶೇಂಗಾ ಎಣ್ಣೆಯ ವಾಸನೆ

ಚಳ್ಳಕೆರೆ, ೨೦೦೩. ಬಳ್ಳಾರಿ ರಸ್ತೆಯಲ್ಲಿ ಇನ್ನೂ ಮಬ್ಬು ಬೆಳಕು. ಮೆಕ್ಯಾನಿಕ್ ಹೊನ್ನೂರಸ್ವಾಮಿ ಬೈಕನ್ನು ಜೋರಾಗಿ ಓಡಿಸುತ್ತಾರೆ, ಮುಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ನಡಿಗೆಯ ವೇಗಕ್ಕೆ ಇಳಿಸುತ್ತಾರೆ, ನಿಲ್ಲಿಸದೆ ಮತ್ತೆ ಓಡಿಸುತ್ತಾರೆ. ಕುರಿ ಹೊಡೆದುಕೊಂಡು ಬರುವ ಕೆಂಚಕ್ಕನಿಗೆ ಇದೊಂದು ತಮಾಷೆ. "ಹೋಗೋದಾದ್ರೆ ಹೋಗು, ನಿಲ್ಲೋದಾದ್ರೆ ನಿಲ್ಲು. ಇದೇನಪ್ಪಾ ನಿಂದು?"

ಗಾಲಿಯ ಹೊಸ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡು ಹಾಕಿದ ದಿನವೇ ಒಂದಕ್ಕೊಂದು ಒಗ್ಗುವುದಿಲ್ಲ. ಬಿಸಿಯಾಗಿ, ಆರಿ, ಮತ್ತೆ ಬಿಸಿಯಾಗಿ ಹೊಂದಿಕೊಳ್ಳಬೇಕು. ಊರಿಗೆ ಡಿಸ್ಕ್ ಬ್ರೇಕಿನ ಬೈಕುಗಳು ಬಂದದ್ದೇ ಮೊನ್ನೆ ಮೊನ್ನೆ. "ಯಾಕೆ ಅಂತ ಕೇಳಬ್ಯಾಡ್ರಿ, ನಂಗೂ ಪೂರ್ತಿ ಗೊತ್ತಿಲ್ಲ. ನಮ್ಮಪ್ಪ ಹೋರಿಗಳಿಗೆ ನೊಗ ರೂಢಿ ಮಾಡಿಸ್ತಿದ್ದ. ಮೊದಲ್ನೇ ದಿನಾನೇ ಬಂಡಿ ತುಂಬ ಹೇರ್ತಿರಲಿಲ್ಲ. ಇದೂ ಹಂಗೇ ಅಂದ್ಕಂಡೀನಿ," ಎನ್ನುತ್ತಾರೆ ಹೊನ್ನೂರಸ್ವಾಮಿ.

ಇವತ್ತಿನ ಹೋರಿ ಮಾತ್ರ ಮಾತು ಕೇಳುತ್ತಿಲ್ಲ. ನಿನ್ನೆ ಸಂಜೆ ಜೋಡಿಸಿದಾಗ ಹೊಸತಿನ ಮಟ್ಟಿಗೆ ಚೆನ್ನಾಗಿಯೇ ಹಿಡಿದಿದ್ದ ಬ್ರೇಕು ಈಗ ಜಾರುತ್ತದೆ. ಒತ್ತಿದಷ್ಟೂ ಜಾರುತ್ತದೆ. ಜೊತೆಗೆ ಒಗ್ಗರಣೆಯಂಥ ವಾಸನೆ ಬೇರೆ. ಎಣ್ಣೆ ಮಿಲ್ಲುಗಳ ಊರಲ್ಲಿ ಎಣ್ಣೆಯ ವಾಸನೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಗಾಳಿ ಆ ಕಡೆಯಿಂದ ಬೀಸುತ್ತಿರಬೇಕು ಎಂದುಕೊಂಡು ಅವರು ಮುಂದೆ ಹೋಗುತ್ತಾರೆ. ವಾಸನೆಯೂ ಜೊತೆಗೇ ಬರುತ್ತದೆ.

ಬೈಕಿನ ಒಡೆಯ ಮಾರುತಿ, ಹೆಂಡತಿ ಮತ್ತು ಹಾಲುಗೂಸನ್ನು ಕೂರಿಸಿಕೊಂಡು ಇವತ್ತೇ ಮೊಳಕಾಲ್ಮೂರಿಗೆ ಹೊರಟಿದ್ದಾನೆ. ಅದನ್ನು ನೆನೆದು ಹೊನ್ನೂರಸ್ವಾಮಿ ಓಟವನ್ನು ಅಲ್ಲಿಗೇ ಬಿಡುತ್ತಾರೆ. ಶೆಡ್ಡಿಗೆ ತಂದು ಬ್ರೇಕ್ ಆಯಿಲ್ ನೋಡುತ್ತಾರೆ, ಸರಿಯಿದೆ. ಪೈಪು ನೋಡುತ್ತಾರೆ, ಸೋರಿಲ್ಲ. ಗಾಳಿ ಹೊಕ್ಕಿದೆಯೇ ಎಂದರೆ ಅದೂ ಇಲ್ಲ. ತಾನೇ ಏನೋ ಮರೆತೆನೇ, ಅಂಗಡಿಯವನು ಕಳಪೆ ಮಾಲು ಕೊಟ್ಟನೇ, ಒಂದೂ ತಿಳಿಯದೆ ತಲೆ ಮೇಲೆ ಕೈಹೊತ್ತು ಕೂರುತ್ತಾರೆ.

ಚಹಾ ತಂದ ತಾಯಿ ಬೋರಕ್ಕ ಮಗನ ಮುಖ ನೋಡಿ ಕೇಳುತ್ತಾರೆ, "ಯಾಕಪ್ಪಾ, ನಾನು ಎಣ್ಣೆ ಮುಟ್ಟಿಸಿದ್ದು ಸಾಲ್ದಾಯ್ತಾ?"

ಕುಡುಗೋಲೋ ನೇಗಿಲಿನ ಗುಳವೋ, ಹೊಸ ಕಬ್ಬಿಣ ಏನೇ ಬಂದರೂ ಎಣ್ಣೆ ಮುಟ್ಟಿಸದೆ ಹೊರಗೆ ಕಳಿಸುವ ಮನೆಯಲ್ಲ ಅದು. "ರಾತ್ರಿ ನೋಡಿದ್ರೆ ಆ ಗಾಲಿ ಬಿಲ್ಲೆ ಬೆಳ್ಳಿ ತಟ್ಟೆ ಹಂಗೆ ಹೊಳೀತಿತ್ತು ಕಣಪ್ಪಾ. ಮೂರು ಜೀವ ಹೊತ್ಕಂಡು ಹೋಗೋ ಗಾಡಿ, ಒಳ್ಳೇದಾಗ್ಲಿ ಅಂತ ಶೇಂಗಾ ಎಣ್ಣೆ ಸವರಿ, ಗಾಡಿ ದೀಪಕ್ಕೊಂದು ಕುಂಕುಮ ಇಟ್ಟೆ."

ಕುಂಕುಮವನ್ನು ಹೊನ್ನೂರಸ್ವಾಮಿ ನಸುಕಿನಲ್ಲೇ ನೋಡಿದ್ದರು. ಎಣ್ಣೆಯ ವಿಷಯ ಮಾತ್ರ ಹೊಳೆದಿರಲಿಲ್ಲ. ನಗಬೇಕೋ ಬಯ್ಯಬೇಕೋ ಗೊತ್ತಾಗದೆ ಚಹಾ ಕುಡಿಯುತ್ತಾರೆ.

ಮಾರುತಿ ಬಂದಾಗ ಅವರು ಹೇಳುವುದಿಷ್ಟೇ. "ಇವತ್ತು ಕೊಡಲ್ಲಪ್ಪಾ. ಪ್ಯಾಡು ಎಣ್ಣೆ ಕುಡಿದೈತೆ. ತಪ್ಪು ನಂದೇ." ಮಾರುತಿ ರೇಗುತ್ತಾನೆ, ಇನ್ನು ನಿನ್ನ ಶೆಡ್ಡಿಗೆ ಕಾಲಿಡಲ್ಲ ಎಂದು ಹೆಂಡತಿ, ಮಗುವನ್ನು ಕರೆದುಕೊಂಡು ಬಸ್ಸು ಹತ್ತುತ್ತಾನೆ. ಬೋರಕ್ಕ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾರೆ.

ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದು, ಬೇರೆ ಪ್ಯಾಡು ಹಾಕಿ, ಮರುದಿನ ನಸುಕಿನಲ್ಲಿ ಮತ್ತೆ ಅದೇ ಓಟ. ಓಟ ಮುಗಿಸಿ ಬ್ರೇಕು ಆರಲೆಂದು ಶೆಡ್ಡಿಗೆ ಬಂದರೆ, ಜೀವಮಾನದಲ್ಲಿ ಬೈಕು ಹತ್ತದ ಬೋರಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. "ನನ್ನ ಕೂರಿಸ್ಕಂಡು ನೋಡು. ಬೀಳೋದಾದ್ರೆ ಆ ಕೂಸಿಗಿಂತ ಮೊದ್ಲು ನಾನು ಬೀಳ್ಲಿ."

ಬೇಡವೆಂದರೂ ಕೇಳುವ ಹೆಂಗಸಲ್ಲ. ಕಣ್ಣು ಮುಚ್ಚಿ ಮಗನ ಅಂಗಿ ಹಿಡಿದು ಕೂರುತ್ತಾರೆ. ಕೆಂಚಕ್ಕನ ಕುರಿಗಳು ರಸ್ತೆಗೆ ಅಡ್ಡ ಬರುತ್ತವೆ. ಹೊನ್ನೂರಸ್ವಾಮಿ ಬ್ರೇಕು ಒತ್ತುತ್ತಾರೆ.

ಕುರಿಯೆಲ್ಲ ದಾಟಿದ ಮೇಲೂ ಬೋರಕ್ಕ ಕಣ್ಣು ಬಿಡುವುದಿಲ್ಲ. "ಯಾವಾಗ ನಿಲ್ಲಿಸ್ತೀಯಪ್ಪಾ?"

"ನಿಂತು ಆಗ್ಲೇ ಹೊತ್ತಾತವ್ವಾ," ಎನ್ನುತ್ತಾರೆ ಮಗ.